ಕಂಡಕ್ಟರಮ್ಮನ ಓಲ್ಡಾನ್

ನಾನು ಬಾಯಿಬಿಟ್ಟು ಆಡಿದ ಮೊದಲ ಇಂಗ್ಲಿಷ್ ಮಾತು ‘ಓಲ್ಡಾನ್’. ಅದು ಇಂಗ್ಲಿಷ್ ಎಂದು ಆಗ ಗೊತ್ತಿರಲಿಲ್ಲ, ಅಷ್ಟೆ. ಚಂದಕವಾಡಿಯ ನಮ್ಮ ಬೀದಿಯಲ್ಲಿ ಮಕ್ಕಳೆಲ್ಲ ಸೇರಿ ಬಸ್ಸಿನ ಆಟ ಆಡುತ್ತಿದ್ದೆವು. ದನದ ಹಗ್ಗವನ್ನು ಸುತ್ತ ಕಟ್ಟಿ, ಅದರೊಳಗೆ ಸಾಲಾಗಿ ನಿಲ್ಲುವುದು. ಮುಂದಿದ್ದವನು ಡ್ರೈವರು, ಹಿಂದಿದ್ದವನು ಕಂಡಕ್ಟರು. ಹಿಂದಿನವನು ‘ರೈಟ್ ರೈಟ್’ ಅಂದರೆ ಓಡಬೇಕು, ‘ಓಲ್ಡಾನ್’ ಅಂದರೆ ನಿಲ್ಲಬೇಕು. ನಿಲ್ಲದವನು ಆಟದಿಂದ ಔಟು. ಹೊಲದ ಕೆಲಸಕ್ಕೆ ಹೋಗುತ್ತಿದ್ದ ನನ್ನ ಅವ್ವ ಕೂಡ, ಎಮ್ಮೆ ಕೊಟ್ಟಿಗೆಯಿಂದ ಆಚೆ ನುಗ್ಗಿದರೆ ‘ಓಲ್ಡಾನ್, ಓಲ್ಡಾನ್’ ಅನ್ನುತ್ತಿದ್ದಳು. ಎಮ್ಮೆ ನಿಲ್ಲುತ್ತಿತ್ತೋ ಇಲ್ಲವೋ ನೆನಪಿಲ್ಲ.

ಮುಂದೆ ಡಿಗ್ರಿಯಲ್ಲಿ ಇಂಗ್ಲಿಷನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡೆ. ಪಾಠಕ್ಕಿದ್ದ ಕಥೆಯೊಂದರಲ್ಲಿ ಯಾರೋ ಒಬ್ಬ ಫೋನಿನಲ್ಲಿ ‘ಹೋಲ್ಡ್ ಆನ್’ ಅನ್ನುತ್ತಾನೆ. ಅರ್ಥವಾಗದೆ ಡಿಕ್ಷನರಿ ತೆಗೆದೆ. ಎರಡು ಪದಗಳನ್ನು ಬಿಡಿಸಿ ಓದಿದೆ, ಕೂಡಿಸಿ ಓದಿದೆ, ಇನ್ನೊಮ್ಮೆ ಬೇಗಬೇಗ ಓದಿದೆ. ಆಮೇಲೆ ಲೈಬ್ರರಿಯಲ್ಲಿ ಒಬ್ಬನೇ ಕೂತು ನಕ್ಕುಬಿಟ್ಟೆ. ನಮ್ಮ ಬೀದಿಯಲ್ಲಿ ಮಣ್ಣಾಡಿ ಬೆಳೆದ ಮಾತು ಅಲ್ಲಿ ಷರಟು ಪ್ಯಾಂಟು ಹಾಕಿಕೊಂಡು ಕೂತಿತ್ತು.

ಈಗ ನಾನು ಗುಂಡ್ಲುಪೇಟೆಯ ಪಿಯು ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಹೆಂಡತಿಗೆ ಬದನಗುಪ್ಪೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ಅವಳಿಗೆ ಹತ್ತಿರವಾಗಲೆಂದು ಮನೆ ಮಾಡಿರುವುದು ಚಾಮರಾಜನಗರದಲ್ಲಿ. ಹಾಗಾಗಿ ದಿನವೂ ಬೆಳಿಗ್ಗೆ ಸರ್ಕಾರಿ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗುತ್ತೇನೆ, ಸಂಜೆ ಸಿಕ್ಕಿದ ಬಸ್ಸಿನಲ್ಲಿ ವಾಪಸು ಬರುತ್ತೇನೆ. ನಾನು ಹೇಳಹೊರಟಿರುವುದು ಆ ಬೆಳಗಿನ ಬಸ್ಸಿನ ಕಂಡಕ್ಟರಮ್ಮನ ಕಥೆ.

ನಲವತ್ತರ ಆಸುಪಾಸಿನ ಹೆಂಗಸು. ಸೀರೆಯ ಮೇಲೆ ಖಾಕಿ ಕೋಟು, ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಮಿಷನ್ನು. ಊರು ತೆರಕಣಾಂಬಿ ಕಡೆಯ ಒಂದು ಹಳ್ಳಿ. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕಾಲೇಜಿನ ಮಕ್ಕಳು, ಸೊಪ್ಪಿನ ಮಂಕರಿ ಹೊತ್ತವರು, ಸಣ್ಣ ಈರುಳ್ಳಿಯ ಚೀಲದ ಮೇಲೆಯೇ ಕೂತವರು, ಕಂಕುಳ ಕೂಸಿನ ತಾಯಂದಿರು. ಅಷ್ಟು ಜನರ ನಡುವೆ ಆಕೆ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ, ಮುಂದಿನಿಂದ ಹಿಂದಕ್ಕೆ ನೀರಿನ ಹಾಗೆ ಹರಿದುಹೋಗುತ್ತಿದ್ದರು. ಎಲ್ಲಿದ್ದರೂ ನಿಲ್ದಾಣ ಬರುವ ಮುಂಚೆ ಆ ಕೂಗು ಕೇಳುತ್ತಿತ್ತು.

“ಓಲ್ಡಾ...ನ್!”

‘ಓ’ ಎಂದು ಕೆಳಗಿನಿಂದ ಎದ್ದು, ‘ಡಾ’ದಲ್ಲಿ ಎಳೆದು, ‘ನ್’ ಅನ್ನುವಷ್ಟರಲ್ಲಿ ಬ್ರೇಕು ಬಿದ್ದಿರುತ್ತಿತ್ತು. ವಯಸ್ಸಾದವರು ಇಳಿಯುವುದಿದ್ದರೆ ‘ಡಾ’ ಉದ್ದ, ಕಾಲೇಜು ಹುಡುಗರು ಇಳಿಯುವುದಿದ್ದರೆ ಚುಟುಕು. ಉದ್ದದ ಕೂಗಿಗೆ ಡ್ರೈವರು ಪೂರ್ತಿ ನಿಲ್ಲಿಸುತ್ತಿದ್ದರು, ಚುಟುಕಿಗೆ ನಿಂತೂ ನಿಲ್ಲದ ಹಾಗೆ. ಡ್ರೈವರಣ್ಣ ರಿಟೈರಾಗಲು ಹತ್ತಿರವಿದ್ದ ಮನುಷ್ಯ, ಮಾತು ಕಮ್ಮಿ. ಒಮ್ಮೆ ಬಾನೆಟ್ಟಿನ ಪಕ್ಕ ಕೂತಿದ್ದಾಗ ನನಗೆ ಹೇಳಿದ್ದರು: “ನನ್ ಕಣ್ಣೆರಡೂ ಮುಂದ್ಕ ಸಾ. ಹಿಂದಿನ್ ಕಣ್ಣು ಅವ್ಳ ಬಾಯಿ.”

ತಮಿಳುನಾಡಿನಿಂದ ನಮ್ಮ ಊರಿಗೆ ಬರುವ ಬಸ್ಸುಗಳ ಕಂಡಕ್ಟರುಗಳು ವಿಷಲ್ ಊದುತ್ತಾರೆ. ನಮ್ಮ ಕಂಡಕ್ಟರಮ್ಮನಿಗೆ ಅದು ಹಿಡಿಸುತ್ತಿರಲಿಲ್ಲ. “ಪೀಪಿ ಊದಿದ್ರ ಯಾರ್ ಇಳೀತಾರ ಅಂತ ಡ್ರೈವರಣ್ಣುಂಗ ಯಂಗ ಗೊತ್ತಾಗ್ಬೇಕು ಸಾ?” ಎಂದು ನನ್ನನ್ನೇ ಕೇಳಿದ್ದರು.

ಆ ವರ್ಷ ಮೊದಲ ಪಿಯು ಮಕ್ಕಳಿಗೆ ಫ್ರೇಸಲ್ ವರ್ಬ್ ಪಾಠ ಮಾಡಬೇಕಾಗಿತ್ತು. ನಮ್ಮ ಮಕ್ಕಳಿಗೆ ಇದು ಕಬ್ಬಿಣದ ಕಡಲೆ. ‘ಲುಕ್’ ಎಂದರೆ ನೋಡು, ‘ಆಫ್ಟರ್’ ಎಂದರೆ ಆಮೇಲೆ, ಎರಡೂ ಸೇರಿದರೆ ಆಮೇಲೆ ನೋಡು ಎಂದಾಗಬೇಕಲ್ಲ, ಆರೈಕೆ ಮಾಡು ಎಂದು ಹೇಗಾಯಿತು ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ನಾನು ಕನ್ನಡದಿಂದಲೇ ಶುರು ಮಾಡುತ್ತೇನೆ. ‘ನೋಡು’ ಬೇರೆ, ‘ನೋಡಿಕೊ’ ಬೇರೆ ತಾನೆ? ಮಗುವನ್ನು ನೋಡು ಅಂದರೆ ಕಣ್ಣು ಹಾಯಿಸಿದರೆ ಸಾಕು. ಮಗುವನ್ನು ನೋಡಿಕೊ ಅಂದರೆ ಸಂಜೆಯವರೆಗೂ ಏಳುವ ಹಾಗಿಲ್ಲ. ಬಾಲದಲ್ಲಿ ಒಂದು ಸಣ್ಣ ಪದ ಬಂದು ಕೂತಿತು, ಕೆಲಸವೇ ಬದಲಾಯಿತು. ಇಂಗ್ಲಿಷಿನವರೂ ಹೀಗೇ ಮಾಡಿದ್ದಾರೆ ಎಂದರೆ ಮಕ್ಕಳ ಮುಖ ಸ್ವಲ್ಪ ಸಡಿಲಾಗುತ್ತದೆ.

ಅವತ್ತು ಬೋರ್ಡಿನ ಮೇಲೆ ‘ಹೋಲ್ಡ್ ಆನ್’ ಎಂದು ಬರೆದು ಅರ್ಥ ಕೇಳಿದೆ. ಕೊನೆಗೆ ನನ್ನ ಬಸ್ಸಿನಲ್ಲೇ ಬರುವ ತೆರಕಣಾಂಬಿಯ ಹುಡುಗಿಯೊಬ್ಬಳು ಎದ್ದು, “ಬಸ್ ನಿಲ್ಸೋದು ಸಾ” ಅಂದಳು. ಇಡೀ ಕ್ಲಾಸು ಗೊಳ್ಳೆಂದಿತು. ಅವಳ ಮುಖ ಕೆಂಪಾಯಿತು.

“ನಗಬೇಡಿ, ಸರಿಯಾಗೇ ಹೇಳಿದ್ದಾಳೆ” ಅಂದೆ. ಆಮೇಲೆ ಒಂದೊಂದಾಗಿ ಬಿಡಿಸಿದೆ. ಫೋನಿನಲ್ಲಿ ‘ಹೋಲ್ಡ್ ಆನ್’ ಅಂದರೆ ಸ್ವಲ್ಪ ಇರಿ ಎಂದು. ಬೈಕಿನ ಹಿಂದೆ ಕೂತವರಿಗೆ ‘ಹೋಲ್ಡ್ ಆನ್’ ಅಂದರೆ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು. ಕಷ್ಟದಲ್ಲಿ ಇರುವವರಿಗೆ ‘ಹೋಲ್ಡ್ ಆನ್’ ಅಂದರೆ ಕೈಬಿಡದೆ ಇರಿ, ಎದೆಗುಂದಬೇಡಿ ಎಂದು. ಬರೆದು ಮುಗಿಸುವಷ್ಟರಲ್ಲಿ ಅದೇ ಹುಡುಗಿ ಮತ್ತೆ ಕೈಯೆತ್ತಿದಳು.

“ಸಾ, ನಮ್ಕಡ ‘ತಡ್ಕ’ ಅಂತೀವಲ್ಲ, ಅದೇ ಅಲ್ವಾ ಸಾ?”

ಹೌದಲ್ಲ! ‘ತಡ್ಕ, ಬತ್ತಿನಿ’ ಎಂದರೆ ಕಾಯುವುದು. ಬೀಳುತ್ತಿರುವ ಮಂಕರಿಯನ್ನು ‘ತಡ್ಕ’ ಎಂದರೆ ಹಿಡಿಯುವುದು. ನೋವನ್ನು ‘ತಡ್ಕ’ ಎಂದರೆ ಸಹಿಸುವುದು. ಹುಟ್ಟಿದಾಗಿನಿಂದ ಕೇಳಿದ ಮಾತು, ಇಷ್ಟು ವರ್ಷ ಇದೇ ಪಾಠ ಮಾಡಿದ್ದೇನೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಬೋರ್ಡಿನ ಮೇಲೆ ದೊಡ್ಡದಾಗಿ ‘ತಡ್ಕ’ ಎಂದು ಬರೆದು ಸುತ್ತ ಗೆರೆ ಎಳೆದೆ. ಹುಡುಗಿ ಬೀಗಿಕೊಂಡು ಕೂತಳು.

ಮಾರನೆಯ ದಿನ ಬಸ್ಸಿನಲ್ಲಿ ಕಂಡಕ್ಟರಮ್ಮನಿಗೆ ಇದನ್ನೆಲ್ಲ ಹೇಳಿದೆ.

“ಓಲ್ಡಾನ್ ಇಂಗ್ಲೀಸಾ ಸಾ?” ಆಕೆ ಟಿಕೆಟ್ ಕೊಡುವುದನ್ನೇ ನಿಲ್ಲಿಸಿದರು. “ನಾನು ನಮ್ ಮಾತೇ ಅನ್ಕಂಡಿದ್ದಿ.”

“ನಾನೂ ಹಾಗೇ ಅನ್ಕೊಂಡಿದ್ದೆ ಅಕ್ಕ.”

ಆಕೆ ಮೂರೂ ಅರ್ಥ ಕೇಳಿಸಿಕೊಂಡರು. ಮೂರನೆಯದನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಅಷ್ಟರಲ್ಲಿ ಡಿಪೋದಿಂದ ಫೋನು ಬಂತು. ಕಿವಿಗಿಟ್ಟುಕೊಂಡು, ನನ್ನ ಕಡೆ ನೋಡುತ್ತ, “ಓಲ್ಡಾನ್ ಸಾ, ಸ್ಟಾಪ್ ಬಂತು” ಅಂದರು. ಡ್ರೈವರಣ್ಣ ಅಲ್ಲೇ, ಸ್ಟಾಪಿಗೆ ಇನ್ನೂ ದೂರ ಇರುವಾಗಲೇ, ಬಸ್ಸು ನಿಲ್ಲಿಸಿಬಿಟ್ಟರು. ಬಸ್ಸಿಗೆ ಬಸ್ಸೇ ನಕ್ಕಿತು.

ಆ ಕೂಗು ಆಕೆಗೆ ಸುಲಭವಾಗಿ ಬಂದದ್ದಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ, ಬೇರೆಯವರ ಹೊಲಗಳಲ್ಲಿ ಚೆಂಡುಹೂ ಬಿಡಿಸಲು ಹೋಗುತ್ತಿದ್ದವರು ಕೆಲಸಕ್ಕೆ ಅರ್ಜಿ ಹಾಕಿ ಕಂಡಕ್ಟರಾದರು. “ವಲದಲ್ಲಿ ಜೋರಾಗಿ ನಕ್ರೂ ಬೈಯೋರು ಸಾ, ಎಣ್ಮಕ್ಕ ಇಂಗ ನಗ್ತವಾ ಅಂತ. ಅಂತಾವ್ಳು ಗಂಡಸ್ರು ತುಂಬಿರೋ ಬಸ್ನಲ್ಲಿ ಎಂಗ ಕೂಗ್ಲಿ? ಬಾಯಿ ತಗುದ್ರ ಗಾಳಿ ಬರದು, ಸಬ್ದ ಬತ್ತಿರ್ನಿಲ್ಲ. ಸ್ಟಾಪ್ ದಾಟ್ಬುಟ್ಟು ಜನ ಬೈಯೋರು.” ಒಂದು ದಿನ ಒಬ್ಬ ಬಸುರಿ ಇಳಿಯುವ ಮುಂಚೆಯೇ ಬಸ್ಸು ಹೊರಟಿತಂತೆ. ಆಕೆಗೇ ತಿಳಿಯದ ಹಾಗೆ ಹೊಟ್ಟೆಯಿಂದ ಎದ್ದು ಬಂತಂತೆ ಕೂಗು. ಬಸ್ಸು ಗಕ್ಕನೆ ನಿಂತಿತು. “ಆವತ್ತಿಂದ ನಂಗ ಯಾರ್ ಭಯನೂ ಇಲ್ಲ ಸಾ” ಅಂದಿದ್ದರು.

ಆ ಧ್ವನಿ ಒಂದು ಮಳೆಗಾಲದಲ್ಲಿ ಕರಕರ ಅನ್ನತೊಡಗಿತು. ಬಸ್ಸಿನ ಹೆಂಗಸರು ಕಲ್ಲುಸಕ್ಕರೆ ಕೊಟ್ಟರು, ಶುಂಠಿ ಕೊಟ್ಟರು, ಬಿಸಿನೀರು ಕುಡಿ ಎಂದರು. ಕುತ್ತಿಗೆಯಲ್ಲಿ ಸಣ್ಣ ಗಂಟು ಕಾಣುತ್ತಿದೆ ಎಂದು ಮೊದಲು ಹೇಳಿದ್ದು ಆ ತೆರಕಣಾಂಬಿಯ ಹುಡುಗಿಯೇ. ಮೈಸೂರಿನ ಆಸ್ಪತ್ರೆಯಲ್ಲಿ ತೋರಿಸಿದಾಗ ಥೈರಾಯ್ಡಿನ ಗಂಟು, ಆಪರೇಷನ್ ಮಾಡಬೇಕು ಎಂದರಂತೆ. ಆಕೆ ರಜೆ ಹಾಕಿ ಹೋದರು.

ಬದಲಿಗೆ ಬಂದ ಕಂಡಕ್ಟರು ಒಳ್ಳೆಯ ಹುಡುಗ. ವಿಷಲ್ ಊದುತ್ತಿದ್ದ. ಕೆಲಸ ನಡೆಯುತ್ತಿತ್ತು. ಆದರೂ ಬಸ್ಸು ಬೇರೆ ಯಾರದೋ ಬಸ್ಸಿನ ಹಾಗೆ ಅನ್ನಿಸುತ್ತಿತ್ತು. ಡ್ರೈವರಣ್ಣ ಪ್ರತಿ ವಿಷಲ್ಲಿಗೂ ಕನ್ನಡಿಯಲ್ಲಿ ಹಿಂದಕ್ಕೆ ನೋಡಿ, ಯಾರು ಇಳಿಯುತ್ತಾರೆಂದು ಲೆಕ್ಕ ಹಾಕಿ, ಆಮೇಲೆ ಬ್ರೇಕು ಒತ್ತುತ್ತಿದ್ದರು.

ದಸರೆ ರಜೆ ಮುಗಿಸಿಕೊಂಡು ನಾನು ಬಸ್ ಹತ್ತಿದ ದಿನ ಆಕೆ ಬಂದಿದ್ದರು. ಕೋಟಿನ ಕಾಲರನ್ನು ಮೇಲಕ್ಕೆತ್ತಿಕೊಂಡಿದ್ದರು. “ಬಂದ್ರಾ ಅಕ್ಕ, ಹೇಗಿದ್ದೀರಿ?” ಅಂದೆ. ಆಕೆ ಹತ್ತಿರ ಬಂದು, ನನ್ನ ಕಿವಿಯ ಬಳಿ ಬಗ್ಗಿ, ಉಸಿರಿನಲ್ಲೇ ಹೇಳಿದರು.

“ಗಂಟು ಓಯ್ತು ಸಾ. ಸಬ್ದಾನೂ ಓಯ್ತು.”

ಗಂಟು ಕೆಟ್ಟದ್ದಲ್ಲವಂತೆ, ಅದೊಂದು ಸಮಾಧಾನ. ಧ್ವನಿಯ ನರ ದಣಿದಿದೆ, ಕೆಲವರಿಗೆ ಹೀಗಾಗುವುದುಂಟು, ತಿಂಗಳುಗಟ್ಟಲೆ ಹಿಡಿಯಬಹುದು, ಪೂರ್ತಿ ವಾಪಸು ಬರದೆಯೂ ಇರಬಹುದು ಎಂದು ಡಾಕ್ಟರು ಮುಂಚೆಯೇ ತಿಳಿಸಿದ್ದರಂತೆ. ಡಿಪೋದವರು ಆಫೀಸಿನಲ್ಲಿ ಕೂರುವ ಕೆಲಸ ಕೊಡುತ್ತೇವೆ ಎಂದಿದ್ದರು. ಆಕೆ ಬೇಡವೆಂದು ಬಸ್ಸಿಗೇ ಬಂದಿದ್ದರು.

ವಿಷಲ್ ಊದಿ ಕುತ್ತಿಗೆಯ ಮೇಲೆ ಒತ್ತಡ ಹಾಕಬಾರದು ಎಂದು ಡಾಕ್ಟರು ಹೇಳಿದ್ದರಿಂದ ಆಕೆ ಬಸ್ಸಿನ ತಗಡಿಗೆ ಕೈಯಿಂದ ಬಡಿಯುತ್ತಿದ್ದರು. ಒಂದು ಬಡಿತಕ್ಕೆ ನಿಲ್ಲು, ಎರಡು ಬಡಿತಕ್ಕೆ ಹೊರಡು. ಜನ ಕಮ್ಮಿ ಇದ್ದಾಗ ಅದು ನಡೆಯಿತು. ಸಂತೆಯ ದಿನ ನಡೆಯಲಿಲ್ಲ. ಬಸ್ಸು ಕಿಕ್ಕಿರಿದಿತ್ತು. ಆಕೆ ಹಿಂದೆ ಎಲ್ಲೋ ಸಿಕ್ಕಿಕೊಂಡು ತಗಡು ಬಡಿದದ್ದು ಮುಂದೆ ಕೇಳಿಸಲೇ ಇಲ್ಲ. ಸೊಪ್ಪು ಮಾರುವ ಅಜ್ಜಿಯೊಬ್ಬಳು ಇಳಿಯಬೇಕಾದ ಊರು ದಾಟಿ ಬಹಳ ಮುಂದಕ್ಕೆ ಹೋಗಿ ಬಸ್ಸು ನಿಂತಿತು. ಅಜ್ಜಿ ಸುಮ್ಮನಿರುವವಳಲ್ಲ.

“ಏನಮ್ಮಿ, ಬಾಯಿಲ್ವಾ ನಿಂಗ? ಒಸಿ ಕೂಗುದ್ರ ಏನಾಗದು? ಈ ಮಂಕ್ರಿ ಹೊತ್ಕಂಡು ನಾನು ವಾಪಸ್ ನಡೀಬೇಕಾ?”

ಬಸ್ಸಿನಲ್ಲಿದ್ದ ನಮಗೆಲ್ಲ ಕಸಿವಿಸಿಯಾಯಿತು. ಯಾರೋ ಅಜ್ಜಿಗೆ ಹೇಳಲು ಬಾಯಿ ತೆರೆದರು. ಕಂಡಕ್ಟರಮ್ಮ ಕೈ ಅಡ್ಡ ಹಿಡಿದು ಬೇಡ ಎಂದರು. ಅಜ್ಜಿಯ ಮಂಕರಿಯನ್ನು ತಾವೇ ತಲೆಯ ಮೇಲೆ ಇಟ್ಟುಕೊಂಡು ಕೆಳಗಿಳಿದರು. ಅಜ್ಜಿಯ ಕೈ ಹಿಡಿದು ರಸ್ತೆ ದಾಟಿಸಿದರು. ಎದುರಿನಿಂದ ಚಾಮರಾಜನಗರದ ಕಡೆಗೆ ಹೊರಟಿದ್ದ ಬಸ್ಸಿಗೆ ಕೈ ಅಡ್ಡ ಹಾಕಿ ನಿಲ್ಲಿಸಿ, ಅಜ್ಜಿಯನ್ನೂ ಮಂಕರಿಯನ್ನೂ ಹತ್ತಿಸಿ, ಆ ಕಂಡಕ್ಟರಿಗೆ ಕೈಸನ್ನೆಯಲ್ಲೇ ಇಳಿಸುವ ಜಾಗ ತಿಳಿಸಿ ಬಂದರು. ಅಷ್ಟು ಹೊತ್ತೂ ನಮ್ಮ ಬಸ್ಸು ನಿಂತೇ ಇತ್ತು. ಯಾರೂ ತಡವಾಯಿತು ಅನ್ನಲಿಲ್ಲ. ಹತ್ತಿಕೊಂಡ ಮೇಲೆ ಆಕೆ ಹಣೆಯ ಬೆವರು ಒರೆಸಿ, ತಗಡಿಗೆ ಎರಡು ಬಾರಿ ಬಡಿದರು. ನಾನು ಆ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮುಂದಿನ ಟಿಕೆಟ್ ಯಾರದೆಂದು ಹುಡುಕುತ್ತಿದ್ದರು.

ಮುಂದಿನ ಸಂತೆಯ ದಿನ ಅಜ್ಜಿ ಮತ್ತೆ ನಮ್ಮ ಬಸ್ಸಿಗೇ ಹತ್ತಿದಳು. ಅಷ್ಟರಲ್ಲಿ ಯಾರೋ ಅವಳಿಗೆ ಎಲ್ಲ ಹೇಳಿದ್ದರು. ಮಂಕರಿ ಇಳಿಸಿದವಳೇ ಸೀದಾ ಕಂಡಕ್ಟರಮ್ಮನ ಹತ್ತಿರ ಹೋಗಿ, ಕಾಲರನ್ನು ಸರಿಸಿ, ಹೊಲಿಗೆಯ ಗುರುತಿನ ಮೇಲೆ ಬೆರಳಾಡಿಸಿದಳು.

“ನೋಯ್ತದಾ?”

ಕಂಡಕ್ಟರಮ್ಮ ಇಲ್ಲವೆಂದು ತಲೆಯಾಡಿಸಿದರು. ಅಜ್ಜಿ ಅಲ್ಲಿಂದ ಕದಲಲಿಲ್ಲ. ಕಂಬಿ ಹಿಡಿದು ಪಕ್ಕದಲ್ಲೇ ನಿಂತಳು. ಮುಂದಿನ ಸ್ಟಾಪಿಗೆ ಕಂಡಕ್ಟರಮ್ಮ ಬಡಿಯಲು ಕೈಯೆತ್ತಿದ್ದೇ ತಡ, ಅಜ್ಜಿ ಗಂಟಲು ಬಿಚ್ಚಿದಳು.

“ಓಲ್ಡಾ...ನ್! ನಿಲ್ಸಪ್ಪಾ!”

ಡ್ರೈವರಣ್ಣ ಬೆಚ್ಚಿ ಬ್ರೇಕು ಒತ್ತಿ ತಿರುಗಿ ನೋಡಿದರು. “ಯಾರವ್ವ ಅದು?”

“ನಾನು ಕಣಪ್ಪ, ಹೊಸ ಕಂಡಕ್ಟ್ರು!”

ಅವತ್ತಿನಿಂದ ಬಸ್ಸಿನ ರೀತಿಯೇ ಬದಲಾಯಿತು. ಅಜ್ಜಿ ಇಲ್ಲದ ದಿನ ಆಕೆಯ ಪಕ್ಕ ಯಾರು ನಿಂತಿರುತ್ತಾರೋ ಅವರು ಕೂಗುತ್ತಿದ್ದರು. ಕಂಡಕ್ಟರಮ್ಮ ಕೈಯೆತ್ತಬೇಕು, ಪಕ್ಕದವರು ಕೂಗಬೇಕು. ಇಳಿಯುವವರು ಯಾರೆಂದು ನೋಡಿ ‘ಡಾ’ವನ್ನು ಎಳೆಯುವುದು, ಚುಟುಕು ಮಾಡುವುದು ಎಲ್ಲವನ್ನೂ ಜನ ತಾವಾಗಿಯೇ ಕಲಿತರು. ಇಷ್ಟು ದಿನ ಕೇಳಿ ಕೇಳಿ ಅವರಿಗೆ ಅದು ಗೊತ್ತೇ ಇತ್ತು.

ಒಂದು ದಿನ ಹಿಂದಿನ ಸೀಟಿನ ಕಾಲೇಜು ಹುಡುಗರು ತಮಾಷೆಗೆ ಕೂಗಿದರು. ಬಯಲಿನ ನಡುವೆ ಬಸ್ಸು ಗಕ್ಕನೆ ನಿಂತು ನಿಂತವರೆಲ್ಲ ಮುಗ್ಗರಿಸಿದರು. “ಯಾರ್ಲಾ ಅದು?” ಎಂದು ಡ್ರೈವರಣ್ಣ ಸೀಟಿನಿಂದ ಎದ್ದೇಬಿಟ್ಟರು. ಕಂಡಕ್ಟರಮ್ಮ ಅವರಿಗೆ ಕೂರಲು ಸನ್ನೆ ಮಾಡಿ, ಹಿಂದಕ್ಕೆ ಹೋಗಿ, ಆ ಹುಡುಗರ ಕಡೆ ಬಗ್ಗಿ ಏನೋ ಹೇಳಿದರು. ಹುಡುಗರು ತಲೆ ತಗ್ಗಿಸಿದರು. ಮತ್ತೆಂದೂ ಸುಳ್ಳು ಕೂಗು ಕೇಳಲಿಲ್ಲ. ಏನಂದಿರಿ ಎಂದು ಆಮೇಲೆ ಕೇಳಿದೆ.

“‘ನಿಮ್ ಬಾಯಿ ನಂಗ ಬೇಕು ಕಣ್ರಪ್ಪಾ, ಹಾಳ್ ಮಾಡ್ಕಬ್ಯಾಡಿ’ ಅಂದಿ ಸಾ.”

ನನ್ನ ಸರದಿಯೂ ಬಂತು. ಜನದ ನಡುವೆ ಆಕೆಯ ಪಕ್ಕಕ್ಕೆ ನಾನೇ ಸಿಕ್ಕಿದ್ದೆ. ಆಕೆ ಕೈಯೆತ್ತಿ ನನ್ನ ಮುಖ ನೋಡಿದರು. ಕ್ಲಾಸಿನಲ್ಲಿ ಎಷ್ಟು ಬೇಕಾದರೂ ಕೂಗುವವನಿಗೆ ಅಲ್ಲಿ ನಾಚಿಕೆಯಾಯಿತು. ಹೇಗೋ ಧೈರ್ಯ ಮಾಡಿ, ಮಕ್ಕಳಿಗೆ ಹೇಳಿಕೊಡುವ ಹಾಗೆ ಬಿಡಿಸಿ, “ಹೋಲ್ಡ್ ಆನ್!” ಎಂದೆ. ಬಸ್ಸು ಓಡುತ್ತಲೇ ಇತ್ತು. ಡ್ರೈವರಣ್ಣನಿಗೆ ಯಾರೋ ಫೋನಿನಲ್ಲಿ ಮಾತಾಡುತ್ತಿದ್ದಾರೆ ಅನ್ನಿಸಿತಂತೆ. ಮುಂದಿನ ಸೀಟಿನಿಂದ ಅಜ್ಜಿ ತಿರುಗಿದಳು.

“ಸರ್ಯಾಗ್ ಅನ್ನಿ ಸಾ. ಓಲ್ಡಾ...ನ್!”

ಬಸ್ಸು ನಿಂತಿತು. ನಾನೂ ನಕ್ಕೆ, ಕಂಡಕ್ಟರಮ್ಮ ಸದ್ದಿಲ್ಲದೆ ಭುಜ ಕುಲುಕಿಸಿ ನಕ್ಕರು. ಮರುದಿನ ಸರಿಯಾಗಿ ಕೂಗಿದೆ. ಹಗ್ಗದೊಳಗೆ ಓಡುತ್ತಿದ್ದ ಕಾಲದ ಗಂಟಲು ಇನ್ನೂ ಅಲ್ಲೇ ಇತ್ತು.

ಇದೆಲ್ಲ ಖುಷಿಯಾಗಿ ನಡೆಯುತ್ತಿದ್ದರೂ ಆಕೆಯ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ, ಕೊಡೆ ಮರೆತೆನೆಂದು ವಾಪಸು ಹತ್ತಿದೆ. ಆಕೆ ಖಾಲಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಕಣ್ಣು ಮುಚ್ಚಿಕೊಂಡು, ‘ಈ...’ ಎಂದು ಎಳೆಯುತ್ತಿದ್ದರು. ಉಸಿರು ಬರುತ್ತಿತ್ತು, ನಡುವೆ ಎಲ್ಲೋ ಒಂದು ಎಳೆ ಸ್ವರ ಹುಟ್ಟುತ್ತಿತ್ತು, ಹಾಗೇ ಕಡಿದುಹೋಗುತ್ತಿತ್ತು. ಮತ್ತೆ ಎಳೆಯುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು.

“ಮೈಸೂರಲ್ಲಿ ಯೋಳ್ಕೊಟ್ರು ಸಾ. ದಿನಾ ಮಾಡ್ಬೇಕು. ಮನಲಿ ಮಾಡುದ್ರ ಮಕ್ಕಳು ಎದುರ್ಕತವ, ಅದ್ಕ ಇಲ್ಲಿ.”

“ಆಫೀಸಿನ ಕೆಲಸ ತಗೋಬಹುದಿತ್ತಲ್ಲ ಅಕ್ಕ, ಗಂಟಲಿಗೆ ವಿಶ್ರಾಂತಿ ಸಿಗ್ತಿತ್ತು” ಅಂದೆ.

“ತಗಂಡ್ರ ಅಲ್ಲೇ ಕುಂತ್ಬುಡ್ತಿನಿ ಸಾ. ನಂಗ ಗೊತ್ತು. ಇಲ್ಲಿದ್ರ ದಿನಾ ಆ ಕೂಗು ಕೇಳ್ತದ. ಬ್ಯಾರೇರ ಬಾಯಲ್ಲಾದ್ರೂ ಸರಿ, ಕೇಳ್ತಿರ್ಬೇಕು. ಕೇಳ್ತಾ ಇದ್ರ ನನ್ ಗಂಟ್ಲು ಮರಿಯಲ್ಲ.” ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ಹೇಳಿದರು: “ನೀವು ಮೂರ್ನೇ ಅರ್ಥ ಯೋಳಿದ್ರಲ್ಲ, ಕೈ ಬುಡ್ದಂಗ ಇರದು ಅಂತ. ಅದ್ನೇ ಮಾಡ್ತಾವ್ನಿ.”

ಆ ಪಾಠವನ್ನು ನಾನು ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಲು ಅದು ಅವರಿಗೆ ಬೇಕು. ಒಬ್ಬರು ಅದನ್ನು ಮನೆಗೆ ಒಯ್ದು ಹೀಗೆ ಬಳಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೊಡೆ ತೆಗೆದುಕೊಂಡು ಕಾಲೇಜಿನ ಕಡೆ ನಡೆಯುತ್ತಿದ್ದಾಗ ಹೆಮ್ಮೆ ನನ್ನ ಬಗ್ಗೆಯೋ ಆಕೆಯ ಬಗ್ಗೆಯೋ ಎಂದು ಹೇಳಲು ಆಗುತ್ತಿರಲಿಲ್ಲ. ಆಕೆಯ ಬಗ್ಗೆಯೇ ಇರಬೇಕು.

ದೀಪಾವಳಿ ಕಳೆದ ಮೇಲೆ ಡಿಪೋದವರು ಒಂದು ನಡುದಾರಿ ಕಂಡುಕೊಂಡರು. ಗಂಟಲು ಸುಧಾರಿಸುವವರೆಗೆ ಆಕೆಯನ್ನು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬಸ್ಸಿಗೆ ಹಾಕಿದರು. ಬೆಟ್ಟಕ್ಕೆ ಸ್ವಂತ ಗಾಡಿಗಳನ್ನು ಬಿಡುವುದಿಲ್ಲ. ಬುಡದಲ್ಲಿ ಸರ್ಕಾರಿ ಬಸ್ಸು ಹತ್ತಿದರೆ ಮೇಲೆ ದೇವಸ್ಥಾನದ ಹತ್ತಿರ ಇಳಿಯುವುದು, ನಡುವೆ ಸ್ಟಾಪಿಲ್ಲ. ಕೂಗುವ ಕೆಲಸವೇ ಇಲ್ಲ. ನಮ್ಮ ಬಸ್ಸಿಗೆ ಮತ್ತೆ ವಿಷಲ್ಲಿನ ಹುಡುಗ ಬಂದ. ಅಜ್ಜಿ ಅವನ ಪಕ್ಕ ನಿಂತೂ ಕೂಗಿದಳು. ಅವನು ವಿಷಲ್ಲನ್ನು ಜೇಬಿಗೆ ಹಾಕಿಕೊಂಡ.

ಚಳಿ ಶುರುವಾದ ಮೇಲೆ ಒಂದು ಭಾನುವಾರ ಹೆಂಡತಿಯೊಂದಿಗೆ ಬೆಟ್ಟಕ್ಕೆ ಹೋದೆ. ದೇವರ ದರ್ಶನಕ್ಕೆ ಎಂದು ಅವಳಿಗೆ ಹೇಳಿದ್ದೆ. ಅವಳು, “ಗೊತ್ತು, ನಿಮ್ಮ ಕಂಡಕ್ಟರಮ್ಮನ ದರ್ಶನಕ್ಕೆ” ಎಂದು ನಕ್ಕಳು. ದಿನವೂ ಮನೆಯಲ್ಲಿ ಆಕೆಯ ಮಾತೇ ಆಗಿತ್ತಲ್ಲ.

ಬುಡದಲ್ಲಿ ಕೇರಳದ ಕಡೆಯ ಪ್ರವಾಸಿಗಳೇ ಹೆಚ್ಚು. ನಮ್ಮ ಅದೃಷ್ಟಕ್ಕೆ ಆಕೆಯ ಬಸ್ಸೇ ಸಿಕ್ಕಿತು. ನನ್ನನ್ನು ನೋಡಿ ಕಣ್ಣರಳಿಸಿದರು. ಬಸ್ಸು ತಿರುವು ಹತ್ತತೊಡಗಿತು, ಕಿಟಕಿಯ ಆಚೆ ಮಂಜು. ಕಡಿದಾದ ತಿರುವಿಗೆ ಮುಂಚೆ ಆಕೆ ಬಸ್ಸಿನ ನಡುವೆ ಕಾಲು ಅಗಲಿಸಿ ನಿಂತು ಮಾತಾಡಿದರು. ಅದು ಉಸಿರಲ್ಲ, ಧ್ವನಿಯೇ. ಮೊದಲಿನದ್ದಲ್ಲ. ಕೆಳಗಿನ ಶ್ರುತಿಯ, ಗೊಗ್ಗರು, ಆದರೆ ಕೊನೆಯ ಸೀಟಿಗೂ ಮುಟ್ಟುವ ಧ್ವನಿ.

“ಕಂಬಿ ಹಿಡ್ಕಳಿ! ಮುರುಗೆ ಪಿಡಿಚ್ಚೋ! ಓಲ್ಡಾನ್, ಓಲ್ಡಾನ್!”

ನಡುವಿನದು ಗಟ್ಟಿಯಾಗಿ ಹಿಡಿದುಕೊಳ್ಳಿ ಎನ್ನುವ ಮಲಯಾಳ. ಮಲಯಾಳದವರು, ತಮಿಳಿನವರು, ಬೆಂಗಳೂರಿನ ಕಡೆಯ ಒಂದು ಗುಂಪು, ಎಲ್ಲರೂ ಒಟ್ಟಿಗೆ ಕಂಬಿ ಹಿಡಿದರು. ಬಸ್ಸು ವಾಲುತ್ತ ತಿರುವು ಮುಗಿಸಿತು. ಹೆಂಡತಿ ನನ್ನ ತೋಳು ಹಿಡಿದುಕೊಂಡು ಆಕೆಯನ್ನೇ ನೋಡುತ್ತಿದ್ದಳು.

ಮೇಲೆ ಇಳಿದ ಮೇಲೆ ಆಕೆ ನಮ್ಮ ಹತ್ತಿರ ಬಂದರು. “ಇಲ್ಲಿ ಓಲ್ಡಾನ್ ಅಂದ್ರ ಯಾರೂ ನಿಲ್ಸಲ್ಲ ಸಾ, ಎಲ್ರೂ ಹಿಡ್ಕತಾರ” ಅಂದು ನಕ್ಕರು. ಈಗ ಆ ನಗುವಿಗೂ ಸದ್ದಿತ್ತು. ಧ್ವನಿ ಯಾವಾಗ ಬಂತು ಎಂದು ಹೆಂಡತಿ ಕೇಳಿದಳು. ಒಂದೇ ದಿನ ಬಂದದ್ದಲ್ಲವಂತೆ. ‘ಈ’ ಸ್ವಲ್ಪ ಉದ್ದವಾಯಿತು, ಆಮೇಲೆ ‘ಆ’ ಬಂತು, ಒಂದು ಬೆಳಿಗ್ಗೆ ಮಗಳನ್ನು ಹೆಸರು ಹಿಡಿದು ಕರೆದಾಗ ಅವಳು ಅಡುಗೆಮನೆಯಿಂದ ‘ಏನವ್ವ’ ಅಂದಳಂತೆ. “ಅಲ್ಲೀಗಂಟ ಕೇಳ್ತು ನೋಡಿ” ಎಂದು ಹೇಳುವಾಗ ಕಂಡಕ್ಟರಮ್ಮ ಕುತ್ತಿಗೆಯನ್ನು ಮುಟ್ಟಿಕೊಂಡರು. ಕಾಲರು ಈಗ ಕೆಳಗಿತ್ತು.

“ಇಲ್ಲೇ ಇರ್ತೀರಾ ಅಕ್ಕ? ಒಳ್ಳೆ ಗಾಳಿ, ಕೆಲಸಾನೂ ಹಗುರ” ಅಂದೆ.

“ಚೆಂದ ಅದ ಸಾ. ಆನೆ ಕಾಣ್ತವ ಒಂದೊಂದ್ ದಿನ. ಆದ್ರ ಇಲ್ಲಿ ಬರೋರು ನಾಳೆ ಬರಲ್ಲ. ಅಲ್ಲಿ ಬರೋರು ನಾಳೇನೂ ಬತ್ತಾರ. ನಾನು ವಾಪಸ್ ಕೇಳಿವ್ನಿ.”

ಸಂಕ್ರಾಂತಿ ಆದ ಮೇಲೆ ಆಕೆ ನಮ್ಮ ಬಸ್ಸಿಗೆ ಮರಳಿದರು. ಮೊದಲ ದಿನ ಅಜ್ಜಿ ಪಕ್ಕದಲ್ಲಿ ನಿಂತು ಬಾಯಿ ತೆರೆದವಳು, ಕಂಡಕ್ಟರಮ್ಮ ತಾವೇ ಕೂಗಿದ್ದು ಕೇಳಿ ಮುಚ್ಚಿದಳು. ಡ್ರೈವರಣ್ಣ ಅವತ್ತು ಪ್ರತಿ ಸ್ಟಾಪಿನಲ್ಲೂ, ಹುಡುಗರು ಇಳಿಯುವಲ್ಲೂ, ಬಸ್ಸನ್ನು ಪೂರ್ತಿ ನಿಲ್ಲಿಸಿದರು. ದಿನವಿಡೀ ಕೂಗಿದರೆ ಸಂಜೆಗೆ ಆಕೆಯ ಗಂಟಲು ಸೋಲುತ್ತದೆ. ಸೋತಾಗ ಜನ ಕೂಗುತ್ತಾರೆ. ಯಾರಿಗೂ ಅದು ವಿಶೇಷ ಅನ್ನಿಸುವುದಿಲ್ಲ.

ಹೋದ ವಾರ ಬಸ್ಸಿನಲ್ಲಿ ಅಪರೂಪಕ್ಕೆ ಜಾಗವಿತ್ತು. ಆಕೆ ನನ್ನ ಎದುರಿನ ಸೀಟಿನಲ್ಲಿ ಬಂದು ಕೂತರು.

“ಸಾ, ಬೆಟ್ಟದಲ್ಲಿ ಇಂಗ್ಲೀಸ್ನೋರ್ಗ ‘ಗೆಟ್ ಡೌನ್’ ಅಂತಿದ್ದಿ, ಇಳೀರಿ ಅನ್ನಕ. ಒಬ್ಬಮ್ಮ ‘ಗೆಟ್ ಆಫ್’ ಅನ್ಬೇಕು ಅಂದ್ರು. ಯಾವ್ದು ಸರಿ?”

“ಪುಸ್ತಕದ ಪ್ರಕಾರ ಬಸ್ಸಿಗೆ ‘ಗೆಟ್ ಆಫ್’ ಅಕ್ಕ. ‘ಗೆಟ್ ಡೌನ್’ ನಾವು ಮಾಡಿಕೊಂಡಿರೋದು. ಇಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ.”

ಆಕೆ ‘ಗೆಟ್ ಆಫ್, ಗೆಟ್ ಆಫ್’ ಎಂದು ಮೆಲ್ಲಗೆ ಅಂದು ನೋಡಿದರು. ಮುಖ ಕಿವುಚಿದರು.

“ಇದು ಬೈದಂಗ ಕೇಳ್ತದ ಸಾ. ಇಳೀರಿ ಅಂತಲೇ ಅಂತಿನಿ ಬುಡಿ.”

ಅಷ್ಟರಲ್ಲಿ ಮುಂದಿನ ಊರು ಬಂತು. ಕೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಎರಡು ಚೀಲ ಹಿಡಿದು ಬಾಗಿಲಿನ ಕಡೆ ಕಷ್ಟಪಡುತ್ತಿದ್ದಳು. ಕಂಡಕ್ಟರಮ್ಮ ಎದ್ದು ಹೋಗಿ ಕೂಸನ್ನು ತಮ್ಮ ಕೈಗೆ ಇಸಿದುಕೊಂಡು, ‘ಡಾ’ವನ್ನು ಉದ್ದಕ್ಕೆ ಎಳೆದು ಕೂಗಿದರು.